ನಾಲ್ಕನೆಯ ಸರ್ಟಿಫಿಕೇಟು

ಆ ವರ್ಷ ಏಪ್ರಿಲ್ ತಿಂಗಳ ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರು ಎರಡು ಪುಟದ ಪಾಲಿಸಿ ಕಾಗದವೊಂದನ್ನು ನನ್ನ ಮುಂದೆ ಸರಿಸಿ, ಎರಡನೆಯ ಪುಟದ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ಇದೊಂದು ಮಾಡ್ಬಿಡಿ ಮೇಡಂ. ಪ್ರೊಫೆಶನಲ್ ಲೆವೆಲ್ ಸರ್ಟಿಫಿಕೇಟು. ಮೂರೇ ಪೇಪರ್. ಪಾಸಾದ ಮುಂದಿನ ತಿಂಗಳಿಂದ ನೀವು ಇ ಗ್ರೇಡು. ಆಮೇಲೆ ಯಾರೂ ನಿಮ್ಮನ್ನ ಬಿ.ಇ.ನಾ ಡಿಪ್ಲೊಮಾನಾ ಅಂತ ಕೇಳೋ ಹಾಗೇ ಇಲ್ಲ."

ನಾನಾಗ ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ನೆಟ್‌ವರ್ಕ್ ಕೆಲಸ ಮಾಡುತ್ತಿದ್ದೆ. ಬೇರೆಯವರ ಆಫೀಸು, ಕಾರ್ಖಾನೆಗಳಿಗೆ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ರೂಟರು, ಸ್ವಿಚ್ಚು ಮಾರಿ, ಕೂರಿಸಿ, ಕೆಟ್ಟಾಗ ಸರಿಮಾಡಿಕೊಡುವ ಕಂಪನಿ. ಅಲ್ಲಿ ಮನುಷ್ಯರಲ್ಲಿ ಎರಡೇ ಜಾತಿ. ಬಿ.ಇ. ಓದಿದವರು ಇ ಗ್ರೇಡು, ಅಂದರೆ ಎಂಜಿನಿಯರು. ಡಿಪ್ಲೊಮಾದವರು ಟಿ ಗ್ರೇಡು, ಅಂದರೆ ಟೆಕ್ನಿಷಿಯನ್ನು. ನಾನು ಆರು ವರ್ಷದಿಂದ ಟಿ. ನನ್ನ ಸಂಬಳ ಹದಿನೇಳು ಸಾವಿರ. ಕಾಲೇಜಿನಿಂದ ನೇರ ಬಂದ ಇ ಗ್ರೇಡಿನವರಿಗೆ ಮೊದಲ ತಿಂಗಳೇ ಇಪ್ಪತ್ತನಾಲ್ಕು. ಅವರಿಗೆ ರೂಟರಿನ ಯಾವ ಕಿಂಡಿಗೆ ಯಾವ ಕೇಬಲ್ಲು ಅಂತ ಹೇಳಿಕೊಡುವವಳು ನಾನು. ಸಾಯಂಕಾಲ ಅವರು ಕಂಪನಿಯ ಕ್ಯಾಬು ಹತ್ತಿ ಹೋಗುತ್ತಿದ್ದರು. ಟಿ ಗ್ರೇಡಿಗೆ ಕ್ಯಾಬಿಲ್ಲ. ನನ್ನ ಮನೆ ಟಿ. ದಾಸರಹಳ್ಳಿ. ವೈಟ್‌ಫೀಲ್ಡಿನಿಂದ ಹೆಬ್ಬಾಳಕ್ಕೆ ಒಂದು ಬಸ್ಸು, ಹೆಬ್ಬಾಳದಿಂದ ಜಾಲಹಳ್ಳಿ ಕ್ರಾಸಿಗೆ ಇನ್ನೊಂದು, ಅಲ್ಲಿಂದ ಮೆಟ್ರೊದವರು ಅಗೆದುಹಾಕಿದ್ದ ರಸ್ತೆಯಲ್ಲಿ ನಡಿಗೆ. ಅಸೂಯೆಯಿರಲಿಲ್ಲ ಅಂತ ಹೇಳುವುದಿಲ್ಲ. ಅದು ಅಸೂಯೆಯೇ. ಹೊಟ್ಟೆ ಉರಿಯುತ್ತಿತ್ತು.

ಹಾಗಾಗಿ ಆ ಕೊನೆಯ ಸಾಲನ್ನು ನಾನು ನಾಲ್ಕು ಸಲ ಓದಿದೆ. "ಟಿ ಗ್ರೇಡಿನ ಸಿಬ್ಬಂದಿ ಪ್ರೊಫೆಶನಲ್ ದರ್ಜೆಯ ಸರ್ಟಿಫಿಕೇಟು ಪಡೆದಲ್ಲಿ ಇ ಗ್ರೇಡಿಗೆ ಬಡ್ತಿಗೆ ಅರ್ಹರು" ಎನ್ನುವುದು ಅದರ ಅರ್ಥ. ಪದವಿಯ ಮಾತೇ ಅಲ್ಲಿರಲಿಲ್ಲ. ಆ ಪುಟವನ್ನು ಪ್ರಿಂಟು ತೆಗೆದು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಮೂರು ಪೇಪರಿನಲ್ಲಿ ಮೊದಲನೆಯದು ರೂಟಿಂಗು, ಎರಡನೆಯದು ಸ್ವಿಚಿಂಗು, ಮೂರನೆಯದು ದೋಷ ಹುಡುಕುವುದು. ಒಂದೊಂದಕ್ಕೂ ಶುಲ್ಕ ಸುಮಾರು ಹತ್ತು ಸಾವಿರ, ನಮ್ಮದೇ ಕೈಯಿಂದ. ಪಾಸಾದರೆ ಕಂಪನಿ ವಾಪಸು ಕೊಡುತ್ತದೆ, ಫೇಲಾದರೆ ಹೋಯಿತು. ಹೋಗುವ ಬರುವ ನಾಲ್ಕು ಗಂಟೆ ಬಸ್ಸಿನಲ್ಲೇ ಓದಿದೆ. ಹೆಬ್ಬಾಳದಲ್ಲಿ ಸೀಟು ಸಿಕ್ಕಿದ ದಿನ ಇಪ್ಪತ್ತು ಪುಟ, ಸಿಗದ ದಿನ ಕಂಬಿ ಹಿಡಿದುಕೊಂಡು ಎರಡು ಪುಟ. ಮನೆಯಲ್ಲಿ ಅಭ್ಯಾಸಕ್ಕೆಂದು ಎಸ್.ಪಿ. ರಸ್ತೆಯಿಂದ ಹಳೆಯ ಮೂರು ರೂಟರು, ಎರಡು ಸ್ವಿಚ್ಚು ತಂದೆವು. ನನ್ನ ಗಂಡ ಪೀಣ್ಯದ ಒಂದು ಸಣ್ಣ ಯೂನಿಟ್ಟಿನಲ್ಲಿ ಲೋಹದ ಬಿಡಿಭಾಗ ಕೊರೆಯುವ ಸಿಎನ್‌ಸಿ ಯಂತ್ರದ ಸೆಟ್ಟರ್. ಶಾಪಿನಲ್ಲಿ ಬಿದ್ದಿದ್ದ ಕಬ್ಬಿಣದ ಆಂಗಲ್ಲುಗಳನ್ನು ಬೆಸೆದು ಅವಕ್ಕೊಂದು ಸ್ಟ್ಯಾಂಡು ಮಾಡಿಕೊಟ್ಟರು. ಐದನ್ನೂ ಒಟ್ಟಿಗೆ ಆನ್ ಮಾಡಿದರೆ ಫ್ಯಾನುಗಳ ಸದ್ದಿಗೆ ಮನೆ ಹಿಟ್ಟಿನ ಗಿರಣಿಯಂತಾಗುತ್ತಿತ್ತು. ಕೆಳಗಿನ ಮನೆಯವರು ಮೇಲೆ ಬಂದು ಏನು ಕಾರ್ಖಾನೆ ಇಟ್ಟಿದ್ದೀರಾ ಅಂತ ಕೇಳಿಕೊಂಡು ಹೋದರು.

ನನ್ನ ಪಕ್ಕದ ಮೇಜಿನಲ್ಲಿ ಗದಗ ಕಡೆಯ ಸಹೋದ್ಯೋಗಿಯೊಬ್ಬನಿದ್ದ. ಅವನದೂ ಡಿಪ್ಲೊಮಾ, ಅವನದೂ ಟಿ ಗ್ರೇಡಿನ ಕೆಲಸ. ನನಗಿಂತ ಮೂರು ವರ್ಷ ಚಿಕ್ಕವನು. ಅವನ ಪರಿಸ್ಥಿತಿ ಇನ್ನೂ ಕಷ್ಟ, ಯಾಕೆಂದರೆ ಅವನು ನಮ್ಮ ಕಂಪನಿಯ ನೌಕರನೂ ಅಲ್ಲ. ಬೇರೊಂದು ಏಜೆನ್ಸಿ ಮೂಲಕ ಕಾಂಟ್ರಾಕ್ಟಿನಲ್ಲಿದ್ದ, ಆರು ತಿಂಗಳಿಗೊಮ್ಮೆ ಕಾಗದ ನವೀಕರಿಸಬೇಕು. ಕೆಲಸದ ಬಗ್ಗೆ ಎರಡು ಮಾತಿಲ್ಲ. ಸ್ವಿಚ್ಚಿನ ದೀಪ ಮಿನುಗುವ ರೀತಿ ನೋಡಿಯೇ ಎಲ್ಲಿ ಕೇಬಲ್ಲು ಸುತ್ತು ಹಾಕಿಕೊಂಡಿದೆ ಅಂತ ಹೇಳುತ್ತಿದ್ದ. ಅವನು ಹಿಂದಿನ ವರ್ಷವೇ ಈ ಸರ್ಟಿಫಿಕೇಟು ಮುಗಿಸಿದ್ದ. ನಾನು ಪುಸ್ತಕ ಹಿಡಿದದ್ದು ನೋಡಿ ಒಂದು ಪೆನ್‌ಡ್ರೈವ್ ತಂದುಕೊಟ್ಟ.

"ಅಕ್ಕಾರ, ಇದರಾಗ ಎಲ್ಲಾ ಪ್ರಶ್ನಿ ಅದಾವ. ಉತ್ತರಾನೂ ಅದಾವ. ಬಾಯಿಪಾಠ ಮಾಡ್ರಿ, ಮುಗೀತು. ನಾ ಹಂಗ ಪಾಸಾಗೇನಿ, ನಿಮ್ಮ ಮುಂದ ಸುಳ್ಳ್ಯಾಕ ಹೇಳ್ಲಿ."

"ನಿಂಗೆ ಕೆಲಸ ಬರುತ್ತಲ್ಲೋ. ಓದಿ ಬರೆಯೋಕೆ ಏನಾಗಿತ್ತು?"

"ಕೆಲಸ ಬರತೈತ್ರಿ. ಇಂಗ್ಲಿಷಿನ್ಯಾಗ ಅಷ್ಟುದ್ದ ಪ್ರಶ್ನಿ ಓದಿ ಮುಗಸೂದ್ರಾಗ ಟೈಮ ಮುಗೀತೈತಿ."

ಇಂಥ ಪೆನ್‌ಡ್ರೈವುಗಳು ಆಗ ಇಡೀ ವೈಟ್‌ಫೀಲ್ಡಿನಲ್ಲಿ ಓಡಾಡುತ್ತಿದ್ದವು. ನಾನೇನು ಹರಿಶ್ಚಂದ್ರನ ತಂಗಿಯಲ್ಲ, ತೆರೆದು ನೋಡಿದೆ. ನಲವತ್ತು ಪ್ರಶ್ನೆ ನೋಡುವಷ್ಟರಲ್ಲಿ ಮೂರು ಉತ್ತರ ತಪ್ಪು ಅಂತ ಗೊತ್ತಾಯಿತು. ರೂಟರಿಗೆ ಹಾಕಿ ನೋಡಿದೆ, ತಪ್ಪೇ. ಕದ್ದ ಮಾಲೂ ಸರಿಯಿಲ್ಲವಲ್ಲ ಎಂದು ಸಿಟ್ಟು ಬಂದು ಅವನ ಪೆನ್‌ಡ್ರೈವ್ ಅವನಿಗೇ ವಾಪಸು ಕೊಟ್ಟೆ.

ಮೊದಲ ಎರಡು ಪೇಪರು ಮೇ, ಜೂನಿನಲ್ಲಿ ಪಾಸಾದವು. ಮೂರನೆಯದರಲ್ಲಿ ಎಡವಿದೆ.

ಪರೀಕ್ಷಾ ಕೇಂದ್ರ ರಾಜಾಜಿನಗರದ ಒಂದು ಮೂರನೇ ಮಹಡಿ. ಗಡಿಯಾರ, ಮೊಬೈಲು, ಪರ್ಸು ಎಲ್ಲ ಲಾಕರಿಗೆ. ಬಳೆ ಸರಿಸಿ ಮಣಿಕಟ್ಟು ತೋರಿಸಬೇಕು. ಬರೆದುಕೊಳ್ಳಲು ಕಾಗದವಿಲ್ಲ, ಒಂದು ಪ್ಲಾಸ್ಟಿಕ್ ಹಲಗೆ, ಒಂದು ಮಾರ್ಕರ್. ಪರದೆಯ ಮೇಲೆ ಒಂದು ಕಂಪನಿಯ ಇಡೀ ನೆಟ್‌ವರ್ಕಿನ ನಕ್ಷೆ ಬರುತ್ತದೆ. ಜೊತೆಗೆ ಒಂದಾದ ಮೇಲೊಂದು ದೂರು. ಈ ಕಂಪ್ಯೂಟರಿಗೆ ಸರ್ವರ್ ಸಿಗುತ್ತಿಲ್ಲ, ಯಾಕೆ? ಯಾವ ಯಂತ್ರದಲ್ಲಿ ದೋಷ, ಯಾವ ಬಗೆಯ ದೋಷ, ಯಾವ ಸಾಲು ಸರಿಮಾಡಬೇಕು, ಮೂರು ಉತ್ತರ ಆರಿಸಬೇಕು. ಒಮ್ಮೆ ಆರಿಸಿ ಮುಂದೆ ಹೋದರೆ ಹಿಂದೆ ಬರುವಂತಿಲ್ಲ.

ನಮ್ಮ ಕೆಲಸದಲ್ಲಿ ಗ್ರಾಹಕರ ಯಂತ್ರ ಮುಟ್ಟುವ ಮೊದಲು ಎಲ್ಲದರ ಸ್ಥಿತಿ ನೋಡಿ ಬರೆದಿಟ್ಟುಕೊಳ್ಳುತ್ತೇವೆ. ಒಂದು ಕಡೆ ಸರಿಮಾಡಲು ಹೋಗಿ ಇನ್ನೊಂದು ಕಡೆ ಕೆಡಿಸಿದರೆ ಬೈಗುಳ ನಮಗೇ ತಾನೆ. ನಾನು ಪರೀಕ್ಷೆಯಲ್ಲೂ ಅದನ್ನೇ ಮಾಡಿದೆ. ಮೊದಲ ದೂರು ಬಂದ ಕೂಡಲೇ ನಕ್ಷೆಯಲ್ಲಿದ್ದ ಎಂಟೂ ಯಂತ್ರಗಳ ಒಳಹೊಕ್ಕು, ಪಟ್ಟಿ ಮಾಡಿ, ಪ್ಲಾಸ್ಟಿಕ್ ಹಲಗೆ ತುಂಬ ಬರೆದೆ. ದೋಷ ಐದು ನಿಮಿಷದಲ್ಲಿ ಸಿಕ್ಕಿತ್ತು. ಹೊರಬಾಗಿಲಿನ ರೂಟರಿನಲ್ಲಿ ಒಳಬಿಡಬೇಕಾದ ವಿಳಾಸಗಳ ಪಟ್ಟಿಯಿತ್ತು, ಅದರಲ್ಲಿ ಒಂದು ವಿಳಾಸ ಬಿಟ್ಟುಹೋಗಿತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅದೇ ಪಟ್ಟಿಯಲ್ಲಿ ಇನ್ನೊಂದು ಅನವಶ್ಯಕ ಸಾಲು ಕಂಡಿತು. ಇದು ನಾಳೆ ತೊಂದರೆ ಕೊಡುತ್ತದಲ್ಲ, ಯಾರು ಹಾಕಿದರು ಇದನ್ನು ಅಂತ ಅದರ ಬೆನ್ನು ಹತ್ತಿದೆ. ಆ ಕಂಪನಿಯೇ ಇಲ್ಲ, ಅದಕ್ಕೆ ನಾಳೆ ಎಂಬುದೇ ಇಲ್ಲ. ಮೊದಲ ದೂರಿಗೇ ಹದಿನೆಂಟು ನಿಮಿಷ ಹೋಯಿತು. ಕೊನೆಗೆ ಇನ್ನೂ ಮೂರು ದೂರು ಬಾಕಿಯಿರುವಾಗ ಪರದೆ ತಾನಾಗಿ ಮುಚ್ಚಿಕೊಂಡು ಫೇಲ್ ಎಂದಿತು. ಕೆಲಸ ಬಲ್ಲೆನೆಂಬ ಕಾರಣಕ್ಕೇ ಫೇಲಾಗಿದ್ದೆ. ಲಾಕರಿನ ಕೀಲಿ ವಾಪಸು ಕೊಡುವಾಗ ಅಲ್ಲಿನವರು ಮತ್ತೆ ಬನ್ನಿ ಮೇಡಂ ಎಂದು ನಕ್ಕರು. ನನಗೆ ಅಳು ಬಂತು.

ಮನೆಗೆ ಬಂದು ಗಂಡನ ಮುಂದೆ ಎಲ್ಲ ಕಾರಿಕೊಂಡೆ. ಅವರು ಊಟ ಮಾಡುತ್ತಾ ಕೇಳಿಸಿಕೊಂಡರು.

"ಅಲ್ಲ, ಡ್ರಾಯಿಂಗಲ್ಲಿ ಕೊಟ್ಟಿರೋ ಅಳತೆ ಎಷ್ಟು?" ಅಂದರು.

"ಏನ್ರೀ ಅದು?"

"ಇನ್ಸ್‌ಪೆಕ್ಟರ್ ಬರ್ತಾನೆ, ಡ್ರಾಯಿಂಗಲ್ಲಿ ಆರು ಅಳತೆ ಇದೆ, ಆರು ಅಳೀತಾನೆ, ಸೀಲ್ ಹೊಡೀತಾನೆ, ಹೋಗ್ತಾನೆ. ನೀನು ಡ್ರಾಯಿಂಗಲ್ಲಿ ಇಲ್ದೇ ಇರೋ ಏಳನೇದನ್ನ ಯಾಕ್ ಅಳೆಯಕ್ಕೆ ಹೋದೆ?"

ಮೈ ಉರಿಯಿತು, ಆದರೆ ಮಾತು ಸರಿಯಾಗಿತ್ತು. ಆಗಸ್ಟಿನಲ್ಲಿ ಮತ್ತೆ ಹತ್ತು ಸಾವಿರ ಕಟ್ಟಿ ಕೂತೆ. ಕೇಳಿದ್ದಷ್ಟೇ ನೋಡಿದೆ, ಕಣ್ಣಿಗೆ ಬಿದ್ದ ಬೇರೆ ದೋಷಗಳನ್ನೆಲ್ಲ ಹಲ್ಲು ಕಚ್ಚಿ ಬಿಟ್ಟೆ. ಇಪ್ಪತ್ತು ನಿಮಿಷ ಉಳಿದಿರುವಾಗಲೇ ಮುಗಿಯಿತು. ಪಾಸು.

ಮರುದಿನವೇ ಎಚ್.ಆರ್. ಪೋರ್ಟಲಿನಲ್ಲಿ ಸರ್ಟಿಫಿಕೇಟು ಹಾಕಿದೆ. ಹೊಸ ಗ್ರೇಡು ಆರಿಸುವ ಜಾಗದಲ್ಲಿ ಟಿ-4 ಒಂದೇ ಕಪ್ಪಕ್ಷರದಲ್ಲಿತ್ತು. ಇ-1 ಬೂದು ಬಣ್ಣದಲ್ಲಿ ಮಂಕಾಗಿ ಕೂತಿತ್ತು, ಒತ್ತಿದರೆ ಅಲುಗಾಡಲಿಲ್ಲ. ಎಚ್.ಆರ್. ಮೇಡಂ ಹತ್ತಿರ ಹೋದೆ. ಆಕೆ ತನ್ನ ಪರದೆಯಲ್ಲೂ ಒತ್ತಿ ನೋಡಿದರು.

"ಸಿಸ್ಟಮ್ ತಗೊಳ್ತಿಲ್ಲ ಮೇಡಂ. ನಿಮ್ಮ ಕ್ವಾಲಿಫಿಕೇಷನ್ ಡಿಪ್ಲೊಮಾ ಅಂತಿದ್ಯಲ್ಲ, ಅದಕ್ಕೆ."

ಮಡಚಿಟ್ಟ ಪುಟ ತೆಗೆದು ಮೇಜಿನ ಮೇಲಿಟ್ಟೆ.

"ಓ, ಇದು ಹಳೇದು. ಜುಲೈನಲ್ಲಿ ರಿವೈಸ್ ಆಯ್ತಲ್ಲ. ಬಿ.ಇ. ಪ್ಲಸ್ ಸರ್ಟಿಫಿಕೇಟು ಇದ್ರೆ ಇ ಗ್ರೇಡು. ಡಿಪ್ಲೊಮಾದವರಿಗೆ ಒನ್ ಟೈಮ್ ರಿವಾರ್ಡ್ ಇದೆ. ಅದು ನಿಮಗೆ ಖಂಡಿತಾ ಬರುತ್ತೆ, ಡೋಂಟ್ ವರಿ."

ಜುಲೈನಲ್ಲಿ ನಾನು ಮೂರನೆಯ ಪೇಪರಿಗೆ ಕೂತಿದ್ದೆ. ನಡು ಆಟದಲ್ಲಿ ನಿಯಮ ಬದಲಾಗಿತ್ತು. ಪರೀಕ್ಷೆ ಬರೆಯುತ್ತಿರುವವರಿಗೆ ಹೇಳಬೇಕೆಂದು ಯಾರಿಗೂ ಅನಿಸಿರಲಿಲ್ಲ.

ರಿವಾರ್ಡು ಬಂತು. ಕ್ಯಾಂಟೀನಿನಲ್ಲಿ ಎಲ್ಲರನ್ನೂ ನಿಲ್ಲಿಸಿ, ಬಟ್ಟೆ ಅಂಗಡಿಯೊಂದರ ಐದು ಸಾವಿರದ ವೋಚರ್ ಕೊಟ್ಟು, ಚಪ್ಪಾಳೆ ತಟ್ಟಿ, ಫೋಟೊ ತೆಗೆದು ನೋಟೀಸ್ ಬೋರ್ಡಿಗೆ ಅಂಟಿಸಿದರು. ಗದಗದವನು ಪಕ್ಕದಲ್ಲಿ ನಿಂತು ಮೆಲ್ಲಗೆ, "ನನಗೂ ಇದ ಅಂಗಡೀದ ಕೊಟ್ಟಿದ್ರು ಅಕ್ಕಾರ. ಎರಡು ಪ್ಯಾಂಟು ಬಂದೂವು," ಅಂದ. ಅವನಿಗೂ ಹಿಂದಿನ ವರ್ಷ ಇದೇ ಆಸೆ ತೋರಿಸಿದ್ದರಂತೆ. ಕಾಂಟ್ರಾಕ್ಟು ಹೋಗಿ ಖಾಯಂ ಆಗುತ್ತೀಯ, ಇ ಗ್ರೇಡೂ ಸಿಗುತ್ತದೆ ಅಂತ. ಅದನ್ನು ಅವನು ನನಗೆ ಮೊದಲೇ ಹೇಳಿರಲಿಲ್ಲ. ಕೇಳಿದರೆ, "ನಿಮ್ಮದರೆ ಆಗತೈತೇನೋ ಅಂತ ಸುಮ್ಮನಿದ್ದೆ," ಅಂದ.

ಮ್ಯಾನೇಜರ ಹತ್ತಿರ ಹೋಗಿ ಜಗಳವಾಡಿದೆ. ಅವರು ಕೈ ತೊಳೆದುಕೊಂಡರು. "ಪಾಲಿಸಿ ನನ್ನ ಕೈಲಿ ಇಲ್ಲ ಮೇಡಂ. ನೆಕ್ಸ್ಟ್ ಅಪ್ರೈಸಲ್ ಸೈಕಲ್‌ನಲ್ಲಿ ನೋಡೋಣ." ಆರು ವರ್ಷದಲ್ಲಿ ಅವರು ಹೇಳಿದ ನೆಕ್ಸ್ಟ್ ಸೈಕಲ್‌ಗಳನ್ನೆಲ್ಲ ಜೋಡಿಸಿದ್ದರೆ ನಾನು ದಾಸರಹಳ್ಳಿಗೆ ಸೈಕಲ್ಲಿನಲ್ಲೇ ಹೋಗಿಬರಬಹುದಿತ್ತು.

ಸೆಪ್ಟೆಂಬರ್ ಕೊನೆಯ ಸೋಮವಾರ ಅದೇ ಮ್ಯಾನೇಜರು ತಾವಾಗಿಯೇ ನನ್ನ ಮೇಜಿಗೆ ಬಂದರು. ಅವರು ಹಾಗೆ ಬರುವವರಲ್ಲ, ಕರೆಸುವವರು. ಕುರ್ಚಿ ಎಳೆದುಕೊಂಡು ಕೂತು, "ಊಟ ಆಯ್ತಾ?" ಅಂದರು. ಬೆಳಿಗ್ಗೆ ಹನ್ನೊಂದು ಗಂಟೆ ಆಗ.

"ಒಂದ್ ಸಣ್ಣ ಕೆಲಸ ಇತ್ತು. ಆ ರೂಟರ್ ಕಂಪನಿ ಸೈಟಿಗೆ ಲಾಗಿನ್ ಆಗಿ, ನಿಮ್ಮ ಸರ್ಟಿಫಿಕೇಟನ್ನ ನಮ್ಮ ಕಂಪನಿಗೆ ಲಿಂಕ್ ಮಾಡ್ಬಿಡಿ. ಎರಡು ನಿಮಿಷದ ಕೆಲಸ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೂಟರು ತಯಾರಿಸುವ ದೊಡ್ಡ ಕಂಪನಿ ತನ್ನ ಮಾಲು ಮಾರುವ ನಮ್ಮಂಥ ಕಂಪನಿಗಳನ್ನು ಮೇಲಿನ ದರ್ಜೆ, ಕೆಳಗಿನ ದರ್ಜೆ ಅಂತ ವಿಂಗಡಿಸುತ್ತದೆ. ಮೇಲಿನ ದರ್ಜೆಯವರಿಗೆ ಮಾಲು ಅಗ್ಗಕ್ಕೆ ಸಿಗುತ್ತದೆ. ಆ ದರ್ಜೆ ಉಳಿಯಬೇಕಾದರೆ ಪ್ರೊಫೆಶನಲ್ ಸರ್ಟಿಫಿಕೇಟು ಇರುವ ನಾಲ್ಕು ಜನ ತಮ್ಮಲ್ಲಿದ್ದಾರೆಂದು ವರ್ಷಕ್ಕೊಮ್ಮೆ ತೋರಿಸಬೇಕು. ಸರ್ಟಿಫಿಕೇಟು ಮಾತ್ರ ಕಂಪನಿಯದಲ್ಲ, ಪಾಸಾದವರದು. ನಾನು ಇಂಥ ಕಂಪನಿಯಲ್ಲಿದ್ದೇನೆ ಅಂತ ಅವರೇ ಒಪ್ಪಿಗೆಯ ಗುಂಡಿ ಒತ್ತಬೇಕು. ಗದಗದವನು ಹಿಂದಿನ ವರ್ಷವೇ ಹೇಳಿದ ದಿನವೇ ಒತ್ತಿದ್ದ. ಇನ್ನು ಮೂವರು ಇ ಗ್ರೇಡಿನವರು. ಅವರಲ್ಲೊಬ್ಬರು ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಬೇರೆ ಕಂಪನಿ ಸೇರಿ ತಮ್ಮ ಸರ್ಟಿಫಿಕೇಟನ್ನೂ ಜೊತೆಗೇ ಒಯ್ದಿದ್ದರು.

"ಈಗ ಮೂರೇ ಜನ ಇದಾರೆ. ಶನಿವಾರ ಕೊನೇ ದಿನ," ಅಂದರು ಮ್ಯಾನೇಜರು. ಗಾಬರಿಯಲ್ಲಿದ್ದವರು ಹೇಳಬಾರದ್ದನ್ನೂ ಹೇಳಿಬಿಟ್ಟರು. "ದರ್ಜೆ ಹೋದ್ರೆ ಆ ಸರಕಾರಿ ಕಾರ್ಖಾನೆ ಟೆಂಡರ್ ಇದೆಯಲ್ಲ, ಅದಕ್ಕೆ ನಾವು ಅರ್ಜಿ ಹಾಕೋ ಹಾಗೇ ಇಲ್ಲ."

ಬಟ್ಟೆ ಅಂಗಡಿಯ ವೋಚರಿನ ಬೆಲೆಯ ನನ್ನ ಕಾಗದದ ಮೇಲೆ ಇಷ್ಟು ದೊಡ್ಡ ಟೆಂಡರು ನಿಂತಿದೆಯೆಂದು ನನಗೆ ತಿಳಿದದ್ದು ಆಗ. ಆಗಲಿ ಸಾರ್, ನೋಡ್ತೀನಿ ಅಂದೆ. ಅವರು ಹೋದ ಮೇಲೆ ಲಾಗಿನ್ ಆದೆ. ಕಂಪನಿಯ ಕೋರಿಕೆ ಬಂದು ಕೂತಿತ್ತು. ಕೆಳಗೆ ಎರಡು ಗುಂಡಿ, ಒಪ್ಪಿಗೆ ಮತ್ತು ನಿರಾಕರಣೆ.

ಕಂಪನಿಯ ಮೇಲ್ ವಿಳಾಸದಿಂದ ನೋಂದಾಯಿಸಿಕೊಂಡವರನ್ನು ಕಂಪನಿಯೇ ನೇರವಾಗಿ ಸೇರಿಸಿಕೊಳ್ಳಬಹುದಿತ್ತು, ಅವರನ್ನು ಕೇಳಬೇಕಾಗಿಯೇ ಇರಲಿಲ್ಲ. ಆದರೆ ಟಿ ಗ್ರೇಡಿನವರಿಗೆ ಹೊರಗಿನ ಪತ್ರ ಬರುವ ಮೇಲ್ ವಿಳಾಸವನ್ನೇ ಅವರು ಕೊಟ್ಟಿರಲಿಲ್ಲ. ಖರ್ಚು ಜಾಸ್ತಿಯಂತೆ. ನಾವೆಲ್ಲ ಸ್ವಂತ ವಿಳಾಸದಿಂದಲೇ ನೋಂದಾಯಿಸಿಕೊಂಡಿದ್ದೆವು. ಹೀಗೆ ಅವರ ಜಿಪುಣತನದಿಂದಲೇ ಆ ಗುಂಡಿ ನನ್ನ ಬೆರಳಿನ ಕೆಳಗೆ ಬಂದಿತ್ತು. ನಾನು ಒತ್ತಲಿಲ್ಲ. ಲಾಗೌಟ್ ಮಾಡಿ ಊಟಕ್ಕೆ ಹೋದೆ.

ಊಟದ ಮೇಜಿನಲ್ಲಿ ಗದಗದವನಿಗೆ ಹೇಳಿದೆ. "ನೋಡು, ಲಿಂಕ್ ಮಾಡಿದ್ದನ್ನ ವಾಪಸ್ಸೂ ತಗೋಬಹುದು. ನೀನೂ ತಗೋ. ಇಬ್ರೂ ಒಟ್ಟಿಗೆ ಕೇಳೋಣ. ಇಬ್ರಿಗೂ ಇ ಗ್ರೇಡು ಕೊಡ್ಲೇಬೇಕಾಗತ್ತೆ."

ಅವನು ಮುರಿದ ರೊಟ್ಟಿಯನ್ನು ತಟ್ಟೆಯ ಅಂಚಿಗಿಟ್ಟ. "ನನ್ನ ಕಾಂಟ್ರಾಕ್ಟ ಮುಂದಿನ ತಿಂಗಳ ಮುಗೀತೈತ್ರಿ ಅಕ್ಕಾರ. ನೀವು ಖಾಯಂ ಅದೀರಿ, ನಿಮಗ ಬೈತಾರ ಅಷ್ಟ. ನನಗ ನಾಳೆಯಿಂದ ಬರಬ್ಯಾಡ ಅಂತಾರ. ನೀವು ಕೇಳ್ರಿ. ಕೇಳೂಮುಂದ ನನ್ನ ಹೆಸರೂ ಒಂದ ಮಾತು ಹಾಕ್ರಿ."

ಹಾಕುತ್ತೇನೆ ಅಂದೆ. ಹಾಕಿದೆ ಕೂಡ. ಸಾಯಂಕಾಲ ಮ್ಯಾನೇಜರಿಗೂ ಎಚ್.ಆರ್. ಮೇಡಮ್ಮಿಗೂ ಒಂದೇ ಪತ್ರ ಬರೆದೆ. ಏಪ್ರಿಲಿನ ಪಾಲಿಸಿಯಂತೆ ನನಗೂ, ಸರ್ಟಿಫಿಕೇಟು ಇರುವ ಇನ್ನೊಬ್ಬ ಡಿಪ್ಲೊಮಾ ಸಹೋದ್ಯೋಗಿಗೂ ಇ ಗ್ರೇಡಿನ ಪತ್ರ ಕೊಟ್ಟರೆ, ಆ ಕ್ಷಣವೇ ಒಪ್ಪಿಗೆ ಕೊಡುತ್ತೇನೆ ಎಂದು.

ಮಂಗಳವಾರ ಯಾರೂ ಮಾತಾಡಲಿಲ್ಲ. ಬುಧವಾರ ಮ್ಯಾನೇಜರು, ಎಚ್.ಆರ್. ಮೇಡಂ ಇಬ್ಬರೂ ಸೇರಿ ನನ್ನನ್ನು ಮೀಟಿಂಗ್ ರೂಮಿಗೆ ಕರೆಸಿದರು.

"ಇಷ್ಟು ವರ್ಷ ಒಂದೇ ಫ್ಯಾಮಿಲಿ ಥರ ಇದ್ವಿ," ಅಂತ ಮ್ಯಾನೇಜರು ಶುರುಮಾಡಿದರು.

"ಹೌದು ಸಾರ್. ಕ್ಯಾಬಲ್ಲಿ ಮಾತ್ರ ಬೇರೆ ಬೇರೆ."

ಎಚ್.ಆರ್. ಮೇಡಂ ಮುಂದಕ್ಕೆ ಬಾಗಿದರು. "ನೋಡಿ ಮೇಡಂ, ಇದು ಒಂಥರಾ ಬ್ಲ್ಯಾಕ್‌ಮೇಲ್ ಆಗುತ್ತೆ. ನಿಮ್ಮ ಫೀಸು ನಾವೇ ಕೊಟ್ಟಿದೀವಿ."

"ಪಾಸಾಗಿದ್ದಕ್ಕೆ ಕೊಟ್ಟಿದೀರ ಮೇಡಂ. ಫೇಲಾಗಿದ್ದು ನನ್ನ ದುಡ್ಡೇ. ರಸೀದಿ ಬೇಕಾ?"

"ಒತ್ತೋಕೆ ನಿಮಗೇನು ಕಷ್ಟ ಅಂತ?"

"ಸಿಸ್ಟಮ್ ತಗೊಳ್ತಿಲ್ಲ ಮೇಡಂ," ಅಂದೆ.

ಹಾಗೆ ಹೇಳುವಾಗ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಹೊರಗೆ ಬಂದ ಮೇಲೆ ಮಾತ್ರ ಲೆಕ್ಕ ಹಾಕತೊಡಗಿದೆ. ಈ ಕೆಲಸ ಹೋದರೆ ಇನ್ನೊಂದು ಕಡೆ ಮತ್ತೆ ಟಿ ಗ್ರೇಡಿನಿಂದಲೇ ಶುರು. ಮನೆಗೆ ಹೋಗಿ ಹೇಳಿದಾಗ ಗಂಡ, "ಬಿಡ್ಬೇಡ," ಅಂದರು. ಆಮೇಲೆ ತಟ್ಟೆ ಎತ್ತಿಡುತ್ತಾ, "ಜಾಸ್ತಿ ಎಳೀಬೇಡ ಕೂಡ," ಅಂದರು. ಎಷ್ಟು ಎಳೆದರೆ ಜಾಸ್ತಿ ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಗುರುವಾರ ಮ್ಯಾನೇಜರು ಕಾರಿಡಾರಿನಲ್ಲಿ ಎದುರಾದರೂ ಮುಖ ತಿರುಗಿಸಿದರು. ನನ್ನನ್ನು ಇಬ್ಬರು ಗ್ರಾಹಕರ ಕೆಲಸದಿಂದ ತೆಗೆದು, ಉಗ್ರಾಣದಲ್ಲಿದ್ದ ಹಳೆಯ ಸ್ವಿಚ್ಚುಗಳ ನಂಬರು ಬರೆಯಲು ಹಾಕಿದರು. ಧೂಳಿನಲ್ಲಿ ಕೂತು ಬರೆದೆ. ಗದಗದವನು ಎರಡು ಸಲ ಬಾಗಿಲ ತನಕ ಬಂದು ಇಣುಕಿ, ಚಹಾ ಕೊಟ್ಟು, ಏನೂ ಕೇಳದೆ ಹೋದ. ಅವನು ಕೇಳದೇ ಇದ್ದದ್ದು ನನಗೆ ಇನ್ನಷ್ಟು ಕಷ್ಟವಾಯಿತು.

ಶುಕ್ರವಾರ ನಾಲ್ಕೂವರೆಗೆ ಎಚ್.ಆರ್. ಮೇಡಂ ಕರೆದರು. ಮೇಜಿನ ಮೇಲೆ ಸಹಿಯಾದ ಒಂದೇ ಒಂದು ಪತ್ರ. ನನ್ನ ಹೆಸರು, ಇ-1, ಮುಂದಿನ ತಿಂಗಳಿನಿಂದ ಇಪ್ಪತ್ತಾರು ಸಾವಿರ, ವಿಶೇಷ ಪ್ರಕರಣವೆಂದು ಪರಿಗಣಿಸಿ.

"ಇನ್ನೊಂದು?"

"ಅವರು ನಮ್ಮ ರೋಲಲ್ಲೇ ಇಲ್ಲ ಮೇಡಂ, ಏಜೆನ್ಸಿಯವರು. ಅವರಿಗೆ ನಾವು ಗ್ರೇಡ್ ಲೆಟರ್ ಕೊಡೋಕೆ ಆಗೋದೇ ಇಲ್ಲ. ನಿಮ್ಮದಕ್ಕೇ ನಾನು ಎಷ್ಟು ಜನರ ಹತ್ರ ಮಾತಾಡಿದೀನಿ ಗೊತ್ತಾ? ಐದೂವರೆಗೆ ನಾನು ಹೊರಡ್ತೀನಿ. ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಇದನ್ನ ಹರಿದು ಹಾಕ್ತೀನಿ."

ನಾಲ್ಕನೆಯವರು ಇನ್ನೆಲ್ಲಾದರೂ ಸಿಕ್ಕಿದ್ದಾರೆಯೇ, ಇದು ಬರೀ ಬೆದರಿಕೆಯೇ ಎಂಬುದು ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ. ಇನ್ನೊಂದು ದಿನ ಹಟ ಹಿಡಿದಿದ್ದರೆ ಅವನಿಗೂ ಏನಾದರೂ ಕೊಡುತ್ತಿದ್ದರೋ ಏನೋ. ಹತ್ತು ನಿಮಿಷ ಆ ಕುರ್ಚಿಯಲ್ಲಿ ಕೂತೆ. ಆರು ವರ್ಷ ಕಾದದ್ದು ಮುಂದೆಯೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ನನ್ನದು ಮೊದಲು ಆಗಲಿ, ಒಳಗೆ ಹೋದ ಮೇಲೆ ಅವನದನ್ನು ಮಾಡಿಸುತ್ತೇನೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ಸುಳ್ಳಾಗಿರಲಿಲ್ಲ. ಪತ್ರ ತೆಗೆದುಕೊಂಡು, ಆಕೆಯ ಕಂಪ್ಯೂಟರಿನಲ್ಲೇ ಲಾಗಿನ್ ಆಗಿ, ಒಪ್ಪಿಗೆ ಒತ್ತಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.

ಅವನಿಗೆ ನಾನೇ ಹೋಗಿ ಹೇಳಿದೆ. "ಭಾಳ ಛಲೋ ಆತ್ರಿ," ಅಂದ. ಮುಖದಲ್ಲಿ ಬೇಸರ ಹುಡುಕಿದೆ, ಕಾಣಲಿಲ್ಲ. ಕಂಡಿದ್ದರೆ ಮನಸ್ಸಿಗೆ ಸಮಾಧಾನವಾಗುತ್ತಿತ್ತು.

ಅವನಿಗೂ ಒಂದು ದಾರಿಯಿದೆ ಅಂತ ನಾನು ಲೆಕ್ಕ ಹಾಕಿದ್ದೆ. ಅವನ ಕಾಂಟ್ರಾಕ್ಟು ನವೀಕರಣವಾಗಲಿ. ಟೆಂಡರಿನ ಪರಿಶೀಲನೆಗೆ ರೂಟರ್ ಕಂಪನಿಯವರು ಜನವರಿಯಲ್ಲಿ ಮತ್ತೊಮ್ಮೆ ತಲೆ ಎಣಿಸುತ್ತಾರೆ. ಅದಕ್ಕೆ ಒಂದು ವಾರ ಮುಂಚೆ ಅವನು ತನ್ನ ಲಿಂಕು ವಾಪಸು ತೆಗೆದುಕೊಳ್ಳಲಿ. ಆಗ ಮತ್ತೆ ಮೂವರೇ ಉಳಿಯುತ್ತಾರೆ, ಆಗ ಅವನು ಕೇಳಿದ್ದನ್ನು ಕೊಡಲೇಬೇಕಾಗುತ್ತದೆ. ನವೀಕರಣದ ಕಾಗದ ಅವನ ಕೈಗೆ ಬಂದ ಮೇಲೆ ಹೇಳೋಣವೆಂದು ಕಾದಿದ್ದೆ.

ಅಕ್ಟೋಬರಿನ ಎರಡನೆಯ ವಾರ, ನಾನು ಇ-1 ಆಗಿ ಎಂಟು ದಿನವಾಗಿತ್ತು, ಮ್ಯಾನೇಜರಿಂದ ಒಂದು ಪಟ್ಟಿ ಬಂತು. ಟಿ ಗ್ರೇಡಿನ ಒಂಬತ್ತು ಜನರ ಹೆಸರು, ಗದಗದವನದೂ, ಆ ಪರೀಕ್ಷೆಗಳಿಗೆ ನೋಂದಾಯಿಸಿಕೊಂಡು ಇನ್ನೂ ಓದುತ್ತಿದ್ದ ಎಂಟು ಜನರದೂ. ಅವರೆಲ್ಲರಿಗೂ ಕಂಪನಿಯ ಮೇಲ್ ವಿಳಾಸ ಮಂಜೂರಾಗಿತ್ತು. ವರ್ಷಗಟ್ಟಲೆ ಕೇಳಿದರೂ ಕೊಡದ ವಿಳಾಸ ಒಂದೇ ದಿನದಲ್ಲಿ ಒಂಬತ್ತು ಜನರಿಗೆ. ಪಟ್ಟಿಯ ಜೊತೆ ನನಗೊಂದು ಸೂಚನೆ ಇತ್ತು. ಪ್ರತಿಯೊಬ್ಬರ ಪಕ್ಕದಲ್ಲಿ ಕೂತು, ರೂಟರ್ ಕಂಪನಿಯ ಸೈಟಿನಲ್ಲಿ ಅವರ ಸ್ವಂತ ವಿಳಾಸ ತೆಗೆಸಿ ಕಂಪನಿಯ ವಿಳಾಸ ಹಾಕಿಸಬೇಕು. ಮುಗಿದವರ ಹೆಸರಿನ ಮುಂದೆ ಗುರುತು ಹಾಕಿ ಸಂಜೆಯೊಳಗೆ ಕಳಿಸಬೇಕು. ಇನ್ನು ಮೇಲೆ ಯಾರ ಒಪ್ಪಿಗೆಯೂ ಬೇಕಾಗುವುದಿಲ್ಲ, ವಾಪಸು ತೆಗೆದುಕೊಳ್ಳುವ ಮಾತೂ ಇಲ್ಲ.

ಪಟ್ಟಿ ಹಿಡಿದು ಮ್ಯಾನೇಜರ ಹತ್ತಿರ ಹೋದೆ. "ಸಾರ್, ಇದನ್ನ ನನ್ನ ಕೈಲೇ ಮಾಡಿಸ್ಬೇಕಾ?"

"ನೀವೀಗ ಎಂಜಿನಿಯರ್ ಅಲ್ವಾ ಮೇಡಂ," ಅಂದರು, ತಲೆ ಎತ್ತದೆ.

ನೇರ ಗದಗದವನ ಮೇಜಿಗೆ ಹೋದೆ. ಬಗ್ಗಿ, ಯಾರಿಗೂ ಕೇಳದ ಹಾಗೆ ಹೇಳಿದೆ. "ಮೇಲ್ ಐಡಿ ಬದಲಾಯಿಸ್ಬೇಡ. ಪಾಸ್‌ವರ್ಡ್ ಮರೆತೋಯ್ತು ಅನ್ನು. ರೂಟರ್ ಕಂಪನಿಯವರು ಹೊಸದು ಕೊಡೋಕೆ ವಾರಗಟ್ಟಲೆ ಮಾಡ್ತಾರೆ. ಜನವರಿ ತನಕ ಹೇಗಾದ್ರೂ ತಳ್ಳು. ನಾನು ನಿನ್ನ ಹೆಸರಿನ ಮುಂದೆ ಬಾಕಿ ಅಂತ ಬರೀತೀನಿ."

ಅವನು ಕುರ್ಚಿ ತಿರುಗಿಸಿ ನನ್ನನ್ನು ನೋಡಿದ. ಅಷ್ಟು ದಿನಗಳಲ್ಲಿ ಮೊದಲ ಸಲ ಅವನಿಗೆ ಬೇಸರವಾದದ್ದು ಕಂಡಿತು. ಅದೂ ನನ್ನ ಬಗ್ಗೆ ಮರುಕದಂತಿತ್ತು.

"ಅದು ಆಗಿ ಹೋತ್ರಿ ಅಕ್ಕಾರ. ನಿಮ್ಮ ಲೆಟರ್ ಬಂದ ಶುಕ್ರವಾರ, ನೀವು ಆ ಮೇಡಂ ಹಂತೇಕ ಕುಂತಿದ್ರಿ ನೋಡ್ರಿ, ಆವಾಗ ಮ್ಯಾನೇಜರ್ ಸಾಹೇಬ್ರು ನನ್ನ ಕರದು, ನನಗೊಬ್ಬಗ ಮೊದಲ ಮೇಲ್ ಐಡಿ ಕೊಟ್ಟು ಮಾಡಿಸಿದ್ರು. ಮಾಡಿದ್ರ ಕಾಂಟ್ರಾಕ್ಟ ಆರ್ ತಿಂಗಳ ಮುಂದ ಹಾಕ್ತೀನಿ ಅಂದ್ರು. ಮತ್ತ ಅಂದ್ರು, ಅಕ್ಕ ಬಂದು ಮಾಡಬ್ಯಾಡ ಅಂತ ಹೇಳ್ತಾರ, ಆದ್ರ ತಮ್ಮ ಕೆಲಸ ಆದಮ್ಯಾಲ ಬರ್ತಾರ ಅಂತ."

ಅವನು ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡು, ತನ್ನ ಹೆಸರು ಎಲ್ಲಿದೆಯೆಂದು ಹುಡುಕಿ, ಪೆನ್ನು ನನ್ನ ಕಡೆ ಚಾಚಿದ.

"ಬರ್ಕೋರಿ ಅಕ್ಕಾರ. ನಿಮಗ ಸಂಜೀಕ ಕಳಸೂದೈತಲ್ಲ."

ಅವನ ಹೆಸರಿನ ಮುಂದೆ ಮುಗಿದಿದೆ ಎಂದು ಬರೆದೆ. ಪಟ್ಟಿಯಲ್ಲಿ ಇನ್ನೂ ಎಂಟು ಹೆಸರಿದ್ದವು. ಮುಂದಿನ ಮೇಜಿಗೆ ಹೋದೆ.